ಅಕ್ಕ ಎಣಿಸಿದ ವಿಮಾನ, ನಾನು ಹಿಡಿದ ಗೂಢಚಾರ

ವಿಮಾನಕ್ಕೂ ನನಗೂ ಯಾವ ಜನ್ಮದ ನಂಟೋ ಗೊತ್ತಿಲ್ಲ. ನಾನು ಎಲ್ಲಿ ಹೋಗಿ ನಿಂತರೂ ಒಂದು ತಲೆಯ ಮೇಲೆ ಹಾರಿಹೋಗುತ್ತದೆ, ಅದರ ಹಿಂದೆಯೇ ಒಂದು ಫಜೀತಿ ಕೆಳಗಿಳಿಯುತ್ತದೆ. ಹೊಸನಗರ ತಾಲ್ಲೂಕಿನಲ್ಲಿ ದಿನಕ್ಕೊಂದು ಬಸ್ಸು ಬಂದರೆ ಅದೇ ದೊಡ್ಡ ಸುದ್ದಿ ಎನ್ನುವ ಕಾಲದಲ್ಲಿ, ಯುದ್ಧವಿಮಾನವನ್ನು ಹೊಟ್ಟೆಯ ಕಡೆಯಿಂದ ನೋಡಿದವನು ನಾನೊಬ್ಬನೇ. ಇದು ಜಂಬದ ಮಾತಲ್ಲ. ಬೇಕಾದರೆ ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರನ್ನಾದರೂ ಕೇಳಿ. ಎಲ್ಲರಿಗೂ ನಾನೇ ಹೇಳಿದ್ದೇನೆ.

ಮಾತು ನಿಲ್ಲುವ ಕೇರಿ

ನನ್ನ ಅಕ್ಕನನ್ನು ಕೊಟ್ಟಿದ್ದು ಬಯಲುಸೀಮೆಗೆ. ಭಾವ ಅಲ್ಲಿನ ವಿಮಾನದಳದ ಕ್ಯಾಂಪಿನಲ್ಲಿ ಫಿಟ್ಟರು. ಅವರ ಮನೆ ಕ್ಯಾಂಪಿನ ತಂತಿಬೇಲಿಗೆ ತಾಗಿಕೊಂಡ ಕೇರಿಯಲ್ಲಿತ್ತು. ಕೆಲಸ ಹುಡುಕುತ್ತೇನೆ ಅಂತ ಹೇಳಿ ಹೋದ ನಾನು ಅಲ್ಲಿ ಒಂದು ವರ್ಷ ಉಂಡು, ಬೇಲಿಗೆ ಮೂಗು ಹಚ್ಚಿ ವಿಮಾನ ನೋಡಿದೆ.

ಮೊದಲನೇ ದಿನ ಒಂದು ವಿಮಾನ ಮನೆಯ ಹೆಂಚು ಅದುರಿಸಿಕೊಂಡು ಹೋದಾಗ ನಾನು ಅಂಗಳದಲ್ಲಿ ಒಣಹಾಕಿದ್ದ ಹಪ್ಪಳದ ಮೇಲೆ ಬೋರಲು ಬಿದ್ದೆ. ಹೆದರಿ ಅಲ್ಲ, ಶತ್ರುವಿಗೆ ಕಾಣಬಾರದು ಅಂತ. ತಲೆಯೆತ್ತಿ ನೋಡಿದರೆ ಕೇರಿಯಲ್ಲಿ ಒಬ್ಬರೂ ಆಕಾಶ ನೋಡುತ್ತಿಲ್ಲ. ಬಟ್ಟೆ ಒಣಗಿಸುವ ಹಗ್ಗದ ವಿಷಯಕ್ಕೆ ಅಕ್ಕನಿಗೂ ಪಕ್ಕದ ಮನೆಯವಳಿಗೂ ಆಗ ಜೋರು ಜಗಳ ನಡೆದಿತ್ತು. ವಿಮಾನ ಬಂದ ಕೂಡಲೇ ಇಬ್ಬರೂ ಎತ್ತಿದ ಕೈ ಎತ್ತಿದ ಹಾಗೇ, ಬಾಯಿ ಮುಚ್ಚಿ ನಿಂತರು. ಸದ್ದು ದೂರ ಹೋಗಿದ್ದೇ ತಡ, ಪಕ್ಕದ ಮನೆಯವಳು ಬಿಟ್ಟಲ್ಲಿಂದಲೇ, ಅರ್ಧ ನುಂಗಿದ ಶಬ್ದದ ಉಳಿದರ್ಧದಿಂದಲೇ ಶುರುಮಾಡಿದಳು. ಆ ಕೇರಿಯ ಪದ್ಧತಿಯೇ ಅದು. ವಿಮಾನದ ಜೊತೆ ಕೂಗಿ ಗೆದ್ದವರಿಲ್ಲ. ಹಾಗಾಗಿ ಅಲ್ಲಿ ಮಕ್ಕಳು ಅಳುವುದನ್ನೂ ಅರ್ಧಕ್ಕೆ ನಿಲ್ಲಿಸಿ, ಆಮೇಲೆ ಅದೇ ರಾಗದಿಂದ ಮುಂದುವರಿಸುತ್ತಿದ್ದವು.

ಇನ್ನೊಂದು ಪದ್ಧತಿಯೂ ಇತ್ತು. ಅದು ನನಗೆ ನಿಧಾನಕ್ಕೆ ತಿಳಿಯಿತು. ಬೆಳಿಗ್ಗೆ ವಿಮಾನ ಮೇಲೇಳುವಾಗ ಯಾವ ಹೆಂಗಸೂ ನೋಡುತ್ತಿರಲಿಲ್ಲ. ಇಳಿಯುವ ಹೊತ್ತಿಗೆ ಮಾತ್ರ ಎಲ್ಲರಿಗೂ ಅಂಗಳದಲ್ಲಿ ಏನಾದರೂ ಕೆಲಸ ಬರುತ್ತಿತ್ತು. ಕೈಯಲ್ಲಿ ಮೊರ, ಕಣ್ಣು ಆಕಾಶದಲ್ಲಿ. ಹೋದಷ್ಟೂ ಬಂದವು ಅಂತ ಆದ ಮೇಲೇ ಒಲೆ ಹೊತ್ತುತ್ತಿತ್ತು.

"ಭಾವ ನೆಲದ ಮೇಲೆ ನಟ್ಟು ಬಿಗಿಯೋರು. ನೀನ್ಯಾಕೆ ಎಣಿಸ್ತೀಯೆ?" ಅಂತ ಅಕ್ಕನನ್ನು ಕೇಳಿದೆ.

"ಅವ್ರು ಬಿಗಿದ ನಟ್ಟು ಮೇಲೆ ಹೋಗಿರ್ತದಲ್ಲೋ," ಅಂದಳು. "ಮನೇಲಿ ಅವ್ರು ಬಿಗಿದ ನಲ್ಲಿ ನೋಡಿದೀಯಲ್ಲ, ಹೆಂಗೆ ಸೋರ್ತದೆ!"

ಅಜ್ಜನ ಗದ್ದೆ

ಅರವತ್ತೈದರ ಮಳೆಗಾಲದಲ್ಲಿ ತುಂಬಿದ ಬಸುರಿ ಅಕ್ಕನನ್ನು ಹೆರಿಗೆಗೆ ಕರೆದುಕೊಂಡು ಊರಿಗೆ ಬಂದೆ. ನಾವು ಬಂದು ಇನ್ನೂ ಕಾಲು ತೊಳೆದಿಲ್ಲ, ಪಾಕಿಸ್ತಾನದ ಜೊತೆ ಯುದ್ಧ ಅಂತ ಪಟೇಲರ ಮನೆಯ ರೇಡಿಯೋ ಹೇಳಿತು. ಭಾವನನ್ನು ಉತ್ತರಕ್ಕೆ ಕಳಿಸಿದರು ಅಂತಷ್ಟೇ ತಿಳಿಯಿತು. ಎಲ್ಲಿಗೆ, ಯಾವ ಕ್ಯಾಂಪಿಗೆ, ಒಂದೂ ಗೊತ್ತಿಲ್ಲ.

ಊರಿಗೆ ಊರೇ ಬೇರೆ ಹೆದರಿಕೆಯಲ್ಲಿತ್ತು. ಲಿಂಗನಮಕ್ಕಿ ಕಟ್ಟೆಗೆ ಬಾಂಬು ಹಾಕುತ್ತಾರಂತೆ ಅಂತ ಸಾಗರದ ಸಂತೆಗೆ ಹೋದವರು ಸುದ್ದಿ ತಂದಿದ್ದರು. ಅವ್ವ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಮೇಳಿಗೆಯ ತನ್ನ ತವರಿಗೆ ಹೋಗಿಬಿಡೋಣ ಅಂತ ಕೂತಳು. ಹೊರಡೋಕೆ ಏಳದೇ ಇದ್ದವನು ಅಜ್ಜ ಒಬ್ಬನೇ. ನಾವು ಮೊದಲು ಇದ್ದದ್ದು ಶರಾವತಿಯ ದಂಡೆಯಲ್ಲಿ. ಕಟ್ಟೆ ಕಟ್ಟಿದ ಮೇಲೆ ನಮ್ಮ ಮನೆ, ಗದ್ದೆ ಎಲ್ಲ ಹಿನ್ನೀರಿನ ಅಡಿಗೆ ಹೋಗಿ, ನಾವು ಈ ಗುಡ್ಡದ ಊರಿಗೆ ಬಂದವರು.

"ಕಟ್ಟೆ ಒಡೆದ್ರೆ ಲೋಕವೇ ಮುಳುಗ್ತದೆ ಅಜ್ಜ!" ಅಂದರು ಪಟೇಲರು.

"ನಮ್ದು ಮುಳುಗಿ ಆಗಿದೆ ಮಾರಾಯ," ಅಂದ ಅಜ್ಜ. "ಒಡೆದ್ರೆ ಏಳ್ತದೆ."

"ಕೆಳಗಿನೂರಿನ ಜನ ಸಾಯ್ತಾರಲ್ಲ!" ಅಂತ ಅವ್ವ ರೇಗಿದಳು.

"ಅವ್ರನ್ನ ಮೊದ್ಲು ಗುಡ್ಡ ಹತ್ಸಿ ಆಮೇಲೆ ಹಾಕ್ಲಿ. ನಾನೇನು ಕಟುಕನಾ?" ಅಂದವನು ನನ್ನ ಕಡೆ ತಿರುಗಿದ. "ನೀನು ವಿಮಾನದೋರ ಹತ್ರ ಇದ್ದು ಬಂದೋನು. ಇವತ್ತು ಬಾಂಬು ಬಿದ್ರೆ ನೀರು ಇಳಿಯೋಕೆ ಎಷ್ಟು ದಿನ ಬೇಕು? ಈ ಸಲದ ಭತ್ತದ ನಟ್ಟಿ ಹೆಂಗೂ ಹೋಯ್ತು. ಬೇಸಿಗೆ ಬೆಳೆಗಾದ್ರೂ ಗದ್ದೆ ಸಿಗ್ತದಾ?"

ಕಂದಕ

ವಿಮಾನ ಬಲ್ಲವನು ನಾನೊಬ್ಬನೇ ಆದ್ದರಿಂದ ಊರಿನ ಕಾವಲುಪಡೆಗೆ ನಾನೇ ಮುಖಂಡನಾದೆ. ಪಟೇಲರು ಆರಿಸಿದರು ಅಂತ ಕೆಲವರು ಹೇಳುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ನಾನು ಒಪ್ಪಿಕೊಂಡಾಗಿತ್ತು.

ಮೊದಲ ಕೆಲಸವಾಗಿ ಪಟೇಲರ ಅಂಗಳದ ಕೆಳಗೆ ಆಳುದ್ದದ ಕಂದಕ ತೋಡಿಸಿದೆ. ಕ್ಯಾಂಪಿನ ಬೇಲಿಯಾಚೆ ಅಂಥದ್ದೇ ಕಂದಕ ನೋಡಿದ್ದೆ. ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಮಳೆಯಲ್ಲಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮಲ್ಲಿ ಒಂದು ಮಧ್ಯಾಹ್ನಕ್ಕೆ ಬೀಳುತ್ತದೆ.

ಎರಡು ದಿನ ಬಿಟ್ಟು ಗುಡ್ಡದ ಹಿಂದೆ ಗುಡುಗುಡು ಸದ್ದಾಯಿತು. ನಾನು ಜಾಗಟೆ ಬಾರಿಸಿದೆ. ಎಲ್ಲರಿಗಿಂತ ಮುಂಚೆ ಓಡಿ ಬಂದು ಪಟೇಲರು ಕಂದಕಕ್ಕೆ ಹಾರಿದರು. ಮೇಲೆ ಮುಂಡಾಸು ಮಾತ್ರ ತೇಲಿತು. ನಾವು ನಾಲ್ಕು ಜನ ಸೇರಿ ಅವರನ್ನು ಎಳೆದು ಹಾಕುವ ಹೊತ್ತಿಗೆ ಸದ್ದು ಹತ್ತಿರ ಬಂತು. ಅದು ಮರ ಸಾಗಿಸುವ ಲಾರಿ.

ಪಟೇಲರು ಮೂಗಿನಿಂದ ನೀರು ಸೀನುತ್ತಾ ಹೇಳಿದರು: "ಮುಂದಿನ ಸಲ ನಿಜವಾದ ವಿಮಾನ ಬಂದ್ರೆ ನನ್ನ ಜಗಲಿ ಮೇಲೆ ಬಿಟ್ಬಿಡು ಮಾರಾಯ. ಬಾಂಬಲ್ಲಾದ್ರೆ ಒಣಗಿಕೊಂಡು ಸಾಯ್ತೀನಿ."

ಬಂಗುಡೆ ವಿಮಾನ

ನಿಜವಾದ ವಿಮಾನಗಳೂ ಬಂದವು. ತೀರಾ ಎತ್ತರದಲ್ಲಿ, ಮೋಡದ ಸಂದಿಯಲ್ಲಿ, ಪಡುವಣಕ್ಕೆ ಹೋಗುತ್ತಿದ್ದವು. ಸದ್ದು ಕೇಳಿದ ಕೂಡಲೇ ಅಕ್ಕ ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೆ ಬಂದು ಎಣಿಸುತ್ತಿದ್ದಳು. ಸಂಜೆಯವರೆಗೂ ಕಾಯುತ್ತಿದ್ದಳು. ಒಂದೂ ವಾಪಸು ಬರುತ್ತಿರಲಿಲ್ಲ.

"ಬೇರೆ ದಾರೀಲಿ ಹೋಗಿರ್ತವೆ ಅಕ್ಕ," ಅಂದೆ.

"ಹೋದ ದಾರೀಲೇ ಬರೋದು. ನಾನು ನೋಡಿಲ್ವಾ?" ಅಂದು ತಟ್ಟೆ ಸರಿಸಿ ಎದ್ದುಬಿಟ್ಟಳು. ಅನ್ನ ಹಾಗೇ ಆರಿತು. ಹಾಗೆ ಎಷ್ಟೋ ಊಟ ಆರಿದವು. ಕೊನೆಗೆ ಒಂದು ದಿನ, "ಅದು ಯುದ್ಧದ್ದಲ್ಲ ಕಣೆ. ಮಂಗಳೂರಿಂದ ಸೈನ್ಯಕ್ಕೆ ಮೀನು ತರೋ ವಿಮಾನ. ಸದ್ದಲ್ಲೇ ಗೊತ್ತಾಗ್ತದೆ ನಂಗೆ," ಅಂತ ಬಿಟ್ಟೆ. ಅವಳು ನಂಬಿದಳೋ ಇಲ್ಲವೋ, ಆ ದಿನ ನಾಲ್ಕು ತುತ್ತು ಉಂಡಳು.

ಅವಳು ನಂಬದಿದ್ದರೇನು, ಊರು ನಂಬಿತು. ಮರುದಿನ ವಿಮಾನ ಕಂಡಾಗ ಕೆಳಕೇರಿಯ ಮುದುಕಿ ಬುಟ್ಟಿ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದಳು.

"ಬಂಗುಡೆ ಇದ್ರೆ ಇಳಿಸೋಕೆ ಹೇಳಾ ಮಗಾ. ಅಷ್ಟು ಮೇಲಿಂದ ಬೇಡ, ಚೂರು ತಗ್ಗಿಸ್ಲಿ. ಮೀನು ಒಡೆದೋಗ್ತದೆ."

ಇಂಬಳದ ಪರೀಕ್ಷೆ

ಅಕ್ಕನಿಗೆ ಗಂಡುಮಗು ಹುಟ್ಟಿತು. ಯುದ್ಧ ನಿಂತಿತು ಅಂತ ರೇಡಿಯೋ ಹೇಳಿತು. ಭಾವನ ಸುದ್ದಿ ಮಾತ್ರ ಇಲ್ಲ. "ಅವ್ರು ಬಂದು ಮುಖ ನೋಡೋವರೆಗೂ ಮಗು ತೊಟ್ಟಿಲಿಗೆ ಇಳಿಯಲ್ಲ," ಅಂತ ಅಕ್ಕ ಹಟ ಹಿಡಿದಳು. ಬಾಣಂತಿ ಕೋಣೆಯಲ್ಲಿ ಮಗುವನ್ನು ಮಡಿಲಿಂದ ಕೆಳಗಿಡದೆ ಕೂತೇ ಇರುತ್ತಿದ್ದಳು. ಅವ್ವ ಒಲೆಯ ಮುಂದೆ ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಹೊಗೆಗೆ ಅಂತ ನಾನೂ ಅಂದುಕೊಳ್ಳುತ್ತಿದ್ದೆ.

ಯುದ್ಧ ನಿಂತರೂ ನಮ್ಮ ಕಾವಲು ನಿಲ್ಲಲಿಲ್ಲ. ನಿಲ್ಲಿಸಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ಪ್ಯಾರಾಚೂಟಿನಲ್ಲಿ ಇಳಿದ ಗೂಢಚಾರರು ಇನ್ನೂ ಕಾಡಿನಲ್ಲಿದ್ದಾರೆ ಅಂತ ತೀರ್ಥಹಳ್ಳಿ ಬಸ್ಸಿನವರು ಹೇಳಿದ್ದರು. ನಾನು ಪಡೆಗೆ ಎರಡು ನಿಯಮ ಮಾಡಿಕೊಟ್ಟೆ. ಒಂದು, ಸಿಕ್ಕಿದವನ ತಲೆಗೆ ಕಂಬಳಿ ಮುಚ್ಚಿ ತರಬೇಕು. ಊರಿನ ದಾರಿ ಅವನಿಗೆ ಕಾಣಬಾರದು. ಎರಡು, ಇಂಬಳದ ಪರೀಕ್ಷೆ. ಮಲೆನಾಡಿನವನ ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿದರೆ ಅವನು ಮಾತಾಡುತ್ತಲೇ ಎಲೆಯಡಿಕೆಯ ಸುಣ್ಣ ಬೆರಳಲ್ಲಿ ತೆಗೆದು ಅದಕ್ಕೆ ಮುಟ್ಟಿಸುತ್ತಾನೆ, ಅದು ಉದುರುತ್ತದೆ. ಹೊರಗಿನವನಾದರೆ ಕುಣಿಯುತ್ತಾನೆ. ವೇಷ ಕಲಿಯಬಹುದು, ಭಾಷೆ ಕಲಿಯಬಹುದು, ಇಂಬಳ ಕಲಿಯೋಕಾಗಲ್ಲ. ಇಂಥ ಪರೀಕ್ಷೆ ಯಾವ ಸೈನ್ಯದ ತಲೆಗೂ ಹೊಳೆದಿರಲಿಲ್ಲ ಅಂತ ಈಗಲೂ ಹೇಳುತ್ತೇನೆ.

ಒಂದು ದಿನ ಹೊತ್ತು ಇಳಿಯುವಾಗ, ಮಂಜು ಕಟ್ಟಿದ್ದಾಗ, ನಮ್ಮವರು ಕಂಬಳಿ ಮುಚ್ಚಿದ ಒಬ್ಬನನ್ನು ದೂಡಿಕೊಂಡು ನಮ್ಮ ಅಂಗಳಕ್ಕೇ ತಂದರು. ಬಸ್ಸಿಳಿದು ರಸ್ತೆ ಬಿಟ್ಟು ಕಾಡುದಾರಿ ಹಿಡಿದಿದ್ದನಂತೆ.

"ಚೀಲದಲ್ಲಿ ಏನಿತ್ತು ನೋಡಾ!" ಅಂತ ಪಟೇಲರು ಒಂದು ಬಟ್ಟೆ ಎತ್ತಿ ಹಿಡಿದರು. ಬಿಳೀ ರೇಷ್ಮೆ. ಅಂಚಿನಲ್ಲಿ ದಪ್ಪ ಹೊಲಿಗೆ, ಹೊಲಿಗೆಗೆ ಸಿಕ್ಕಿಸಿದ ಹಗ್ಗ. ಕ್ಯಾಂಪಿನ ಬೇಲಿಯಾಚೆ ಒಣಹಾಕಿದ್ದನ್ನು ಸಾವಿರ ಸಲ ನೋಡಿದ್ದೆ. ಪ್ಯಾರಾಚೂಟು! ಮುಖಂಡನಾದ್ದರಿಂದ ನಡುಗುವ ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡೆ.

"ಇಂಬಳ ಬಿಡಿ," ಅಂದೆ.

ಕಾಡುದಾರಿಯಲ್ಲಿ ಬಂದ ಕಾಲಿಗೆ ನಾವು ಬಿಡುವುದೇನು, ಎರಡು ಆಗಲೇ ಹತ್ತಿ ಉಬ್ಬಿದ್ದವು. ಪಟೇಲರು ಬೆತ್ತದಿಂದ ಅವುಗಳನ್ನು ಮುಟ್ಟಿದ್ದೇ ತಡ, ಅವನು ಅಂಗಳದ ತುಂಬ ಕುಣಿದ.

"ಕುಣಿದ! ಕುಣಿದ! ಗೂಢಚಾರನೇ!" ಅಂತ ಪಡೆ ಕೂಗಿತು.

ಕಂಬಳಿಯೊಳಗಿಂದ ಉಸಿರುಗಟ್ಟಿದ ಗಂಟಲೊಂದು ಬೈಯತೊಡಗಿತು. "ಏ ಖೋಡಿಗೋಳ್ರಾ! ಇದೇನ್ ಹುಳಾ ಹಚ್ಚೀರಲೇ! ನಿಮ್ಮ ಮುಖಂಡ ಯಾಂವ ಅದಾನ, ಅವನ್ನ ಮೊದಲ ಕರೀ..."

ಅಷ್ಟರಲ್ಲಿ ಮಂಜಿನ ಮೇಲೆ ವಿಮಾನದ ಸದ್ದು ಬಂತು. ಪಡೆಯವರು ತಲೆ ಹಿಡಿದು ಕುಕ್ಕರಿಸಿದರು. ಪಟೇಲರು ಕಂದಕ ಒಂದು ಬಿಟ್ಟು ಎಲ್ಲ ಕಡೆಗೂ ಓಡಿದರು. ಗೂಢಚಾರ ಮಾತ್ರ, ಎತ್ತಿದ ಕೈ ಎತ್ತಿದ ಹಾಗೇ, ತುಟಿಪಿಟಿಕ್ಕೆನ್ನದೆ ನಿಂತ. ಸದ್ದು ಗುಡ್ಡದಾಚೆ ಹೋಗಿ ಅಡಗಿತು.

"...ರಿಲೇ ಮೊದಲ! ಹಲ್ಲು ಉದುರಸ್ತೀನಿ ಅವನವು!"

ಬಾಣಂತಿ ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಗಾಳಿಗೆ ಹೊರಗೆ ಬರಬಾರದು ಅಂತ ಅವ್ವ ಕೂಗುತ್ತಿದ್ದರೂ ಕೇಳದೆ ಅಕ್ಕ ತಲೆಗೆ ಕಟ್ಟಿದ ಬಟ್ಟೆಯಲ್ಲೇ, ಮಗುವನ್ನು ಎದೆಗವುಚಿಕೊಂಡು ಓಡಿಬಂದಳು. "ಅವ್ರೇ! ಅವ್ರೇ ಕಣೋ! ನಮ್ಮ ಕೇರಿಯೋರು ಬಿಟ್ರೆ ಹಾಗೆ ಯಾರು ಮಾತು ನಿಲ್ಲಿಸ್ತಾರೋ!" ಅನ್ನುತ್ತಾ ಒಂದೇ ಕೈಯಲ್ಲಿ ಕಂಬಳಿ ಕಿತ್ತಳು.

ಒಳಗೆ ಭಾವ, ಈ ಗುಡ್ಡದ ಊರಿಗೆ ಇದೇ ಮೊದಲ ಸಲ ಬಂದವರು. ಗಡ್ಡ ಬೆಳೆದಿತ್ತು, ಅರ್ಧ ಇಳಿದುಹೋಗಿದ್ದರು. ಮಗುವನ್ನು ನೋಡಿದರು. ಆಕಾಶದಲ್ಲಿ ಯಾವ ವಿಮಾನವೂ ಇರಲಿಲ್ಲ, ಆದರೂ ಅವರ ಮಾತು ನಿಂತುಹೋಯಿತು. ಅಕ್ಕ ಒಂದೇ ಸಮನೆ ಅಳುತ್ತಾ ನಗುತ್ತಾ ಅವರ ಕಾಲಿನ ಇಂಬಳಕ್ಕೆ ಸುಣ್ಣ ಮುಟ್ಟಿಸಿದಳು.

ಆ ರೇಷ್ಮೆ, ಹರಿದು ತೆಗೆದುಹಾಕಿದ ಪ್ಯಾರಾಚೂಟಿನ ತುಂಡು. ಮಗುವಿನ ತೊಟ್ಟಿಲಿಗೆ ಅಂತ ಸಾಹೇಬರನ್ನು ಬೇಡಿ ತಂದಿದ್ದರಂತೆ. "ಅಲ್ಲಿ ಸೈರನ್ ಹೊಡದಾಗೂ ನನಗ ಇಷ್ಟು ಅಂಜಿಕಿ ಆಗಿದ್ದಿಲ್ಲ," ಅಂದರು ಭಾವ. ಮುಖಂಡ ಯಾರು ಅಂತ ಮತ್ತೆ ಕೇಳಿದರು. ಪಡೆಗೆ ಪಡೆಯೇ ನನ್ನ ಕಡೆ ಬೆರಳು ಮಾಡಿತು. ಪರೀಕ್ಷೆ ಸುಳ್ಳಾಗಲಿಲ್ಲವಲ್ಲ ಅಂತ ನಾನು ಎದೆಯುಬ್ಬಿಸಿಯೇ ನಿಂತೆ. ಹೊರಗಿನವರು ಅಂದಿತ್ತು, ಹೊರಗಿನವರೇ.

ಮರುದಿನ ತೊಲೆಗೆ ಆ ರೇಷ್ಮೆಯನ್ನೇ ತೊಟ್ಟಿಲು ಕಟ್ಟಿ ಮಗುವನ್ನು ಮಲಗಿಸಿದರು. ಊರೆಲ್ಲ ಬಂದಿತ್ತು. ಅಕ್ಕ ಅಂದು ಎರಡು ಸಲ ಬಡಿಸಿಕೊಂಡು ಉಂಡಳು. ಅಜ್ಜ ತೂಗುವ ಹಗ್ಗ ಹಿಡಿದು, ಬಿಳೀ ಪ್ಯಾರಾಚೂಟಿನಲ್ಲಿ ಕಾಲು ಝಾಡಿಸುತ್ತಿದ್ದ ಮರಿಮಗನನ್ನು ಬಹಳ ಹೊತ್ತು ನೋಡಿದ. ಆಮೇಲೆ ಪಡೆಯ ಕಡೆ ತಿರುಗಿ ಹೇಳಿದ:

"ಅಲ್ರಾ, ಈ ಊರಿಗೆ ಪ್ಯಾರಾಚೂಟಲ್ಲಿ ಬಂದೋನು ಅಂದ್ರೆ ಇವನೊಬ್ನೇ. ಇವನಿಗೆ ಯಾರೂ ಇಂಬಳ ಬಿಟ್ಟು ನೋಡಿಲ್ವಲ್ಲ?"

ಅಕ್ಕ ಪೊರಕೆ ಹಿಡಿದು ಎದ್ದಳು. ಅಜ್ಜ ಕೂತಲ್ಲೇ ಉಳಿದ. ಅಟ್ಟಿಸಿಕೊಂಡು ಊರ ಗಡಿಯವರೆಗೆ ಓಡಿದ್ದು ಮಾತ್ರ ಕಾವಲುಪಡೆ. ಎಲ್ಲರಿಗಿಂತ ಮುಂದೆ ಇದ್ದವನು ನಾನೇ.