ಸಿಪ್ಪೆ ಕೂಡಿಸುವ ನೆಗೆಣ್ಣಿ

ಇವತ್ತು ಮಾಡಿದ ಕೆಲಸ: ಅಂಗಳ ಗುಡಿಸಿದೆ, ನಳದ ನೀರು ತುಂಬಿದೆ, ಹದಿನಾಲ್ಕು ರೊಟ್ಟಿ ಬಡಿದೆ, ತೊಗರಿಬೇಳೆಯ ಕಲ್ಲು ಆರಿಸಿದೆ, ನೆಗೆಣ್ಣಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಕೊನೆಯದು ದಿನಾ ಇದ್ದದ್ದೇ.

ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯೇ ಅವರದು. ಉಳಿದ ಹೆಂಗಸರು ಬಂಗಾರ ಕೂಡಿಸಿದರೆ ನಮ್ಮ ಈ ಅಕ್ಕ ಸಿಪ್ಪೆ ಕೂಡಿಸುತ್ತಾಳೆ! ಹಸಿ ಕಸ, ಒಣ ಕಸ ಬೇರೆ ಮಾಡಿ, ಹಸಿ ಕಸದಿಂದ ಮನೆಯಲ್ಲೇ ಗೊಬ್ಬರ ಮಾಡಿರೆಂದು ಸರ್ಕಾರ ಹೇಳಿದಾಗ ಊರೆಲ್ಲ ಕೇಳಿತು, ಮರೆಯಿತು. ಆಕೆ ಮಾತ್ರ ಅದನ್ನು ತನ್ನ ಹೆಸರಿಗೇ ಬಂದ ಕಾಗದ ಅಂದುಕೊಂಡಳು.

ಒಮ್ಮೆ ಆಕೆಯ ತವರು ಹುಮನಾಬಾದಿನಿಂದ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಮುಂದಿನ ಸೀಟಿನಲ್ಲಿ ಬಾಳೆಹಣ್ಣು ತಿನ್ನುತ್ತಿದ್ದ ಹಿರಿಯರಿಗೆ ಚೀಲ ಒಡ್ಡಿದಳು.

"ಸಿಪ್ಪಿ ಹೊರಗ ಒಗೀಬ್ಯಾಡ್ರಿ ಚಾಚಾ, ಇದರಾಗ ಹಾಕ್ರಿ."

"ಯಾಕವ್ವಾ, ಎಮ್ಮಿ ಕಟ್ಟೀಯೇನು?"

"ಇಲ್ರಿ, ಗೊಬ್ಬರಕ್ಕ ತಗ್ಗು ತೋಡೀನಿ!"

ಚಾಚಾ ಪಾಪ, ಇನ್ನೊಂದು ಹಣ್ಣು ತಿಂದು ಆ ಸಿಪ್ಪೆಯನ್ನೂ ಕೊಟ್ಟರು. ನಾನು ಪರಿಚಯವೇ ಇಲ್ಲದವಳಂತೆ ಕಿಟಕಿಯಾಚೆ ನೋಡಿದೆ. ಇಳಿದ ಮೇಲೆ ಆ ಚೀಲ ಹೊತ್ತವರು ಯಾರು? ನಾನೇ!

ಮನೆಗೆ ಬಂದರೆ ಅತ್ತಿಗೆಯನ್ನು ಹೊಗಳುವ ಗಂಡನ ಹಾಡು ಬೇರೆ. "ವೈನಿ ಹಿತ್ತಲದಾಗ ಮೆಂತ್ಯೆ ಹ್ಯಾಂಗ ಎದ್ದದ ನೋಡೀಯೇನು?"

"ಅಲ್ಲೇ ಹೋಗಿ ಮೇಯ್ರಿ" ಅಂದೆ.

ಅಷ್ಟರಲ್ಲಿ ಕಸದ ಕೆಲಸ ನೋಡುವ ನಗರಸಭೆಯ ಮೇಡಂ ಬಂದು, ಗೊಬ್ಬರ ಚೆನ್ನಾಗಿ ಮಾಡಿದ ಒಂದು ಮನೆಗೆ 'ಮಾದರಿ ಮನೆ' ಎಂದು ಬೋರ್ಡ್ ಹಚ್ಚುವುದಾಗಿ ಹೇಳಿಹೋದರು. ಇಪ್ಪತ್ತು ವರ್ಷದಿಂದ ಈ ಓಣಿಯಲ್ಲಿ ನಾನು 'ಅವರ ನೆಗೆಣ್ಣಿ'. ನನಗೆ ಬೇರೆ ಹೆಸರೇ ಇಲ್ಲವೇನು? ಆ ಬೋರ್ಡ್ ನನಗೇ ಬೇಕು! ನಾನೂ ತಗ್ಗು ತೋಡಿಸಿದೆ.

ಆದರೆ ನನ್ನಂಥವಳ ಮನೆಯಲ್ಲಿ ಹಸಿ ಕಸ ಎಲ್ಲಿಂದ ಬರಬೇಕು? ಉಳಿದ ರೊಟ್ಟಿ ಒಣಗಿ ಕಡಕ್ ಆಗುತ್ತದೆ, ಅದರ ಚೂರು ಮಜ್ಜಿಗೆಗೆ ಬೀಳುತ್ತದೆ. ಹೀರೇಕಾಯಿ ಸಿಪ್ಪೆ ಚಟ್ನಿಗೆ, ಅಕ್ಕಿ ತೊಳೆದ ನೀರು ಓಣಿಯ ಎಮ್ಮೆಗೆ. ವಾರ ಕಳೆದರೂ ತಗ್ಗಿನಲ್ಲಿ ಬರೀ ಚಹಾದ ಚರಟ! ಹಟಕ್ಕೆ ಬಿದ್ದೆ. ನಿನ್ನೆ ಎರಡು ಸೇರು ಅಕ್ಕಿ ಬೇಯಿಸಿ, ಹಬೆಯಾಡುವ ಅನ್ನವನ್ನು ತಗ್ಗಿಗೆ ಸುರಿದೆ. ನಡುವೆ ನಿಲ್ಲಿಸಿ, ಹಬೆಯಿಂದ ಅಂದುಕೊಂಡು ಕಣ್ಣೊರೆಸಿಕೊಂಡು, ಉಳಿದದ್ದನ್ನೂ ಸುರಿದೆ.

ಇವತ್ತು ಮೇಡಂ ಬಂದು ಮೊದಲು ನನ್ನ ತಗ್ಗಿನ ಮುಚ್ಚಳವನ್ನೇ ಎತ್ತಿದರು. ಹುಳಿ ನಾತ, ನೊಣ, ನಡುವೆ ಬೆಳ್ಳನೆಯ ಅನ್ನದ ಗುಡ್ಡ!

"ಉಣ್ಣೋ ಅನ್ನ ಒಗದೀರಲ್ರೀ! ಮೊದಲ ಕಸ ಕಡಿಮಿ ಮಾಡ್ರಿ ಅಂತ ಅದ, ಗೊಬ್ಬರ ಆಮ್ಯಾಲೆ. ಯಾರು ಹಾಕಿದ್ದು ಇದನ್ನ?"

ಓಣಿಯ ಹೆಂಗಸರೆಲ್ಲ ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು.

"ನಾನರೀ ಮೇಡಂ," ಅಂದಳು ನೆಗೆಣ್ಣಿ. "ಬರತೀನಿ ಅಂದ ಬೀಗರು ಬರಲಿಲ್ಲ. ಹಳಸಿತು. ನನ್ನ ತಗ್ಗು ತುಂಬಿತ್ತು, ಇಕಿ ತಗ್ಗಿನಾಗ ಸುರದೆ."

ಆಕೆಯ ತಗ್ಗನ್ನು ಮೇಡಂ ನೋಡಲೂ ಇಲ್ಲ. ಬೋರ್ಡಿನಾಸೆಗೆ ತಾವೂ ತಗ್ಗು ತೋಡಿದ್ದ ಎದುರುಮನೆಯವರಿಗೆ ಅದು ಹೋಯಿತು.

"ಅಕ್ಕಾ, ಹಂಗ್ಯಾಕ ಸುಳ್ಳು ಹೇಳಿದಿ?" ಅಂದೆ, ಎಲ್ಲರೂ ಹೋದ ಮೇಲೆ.

"ನಿನ್ನಿ ನಾ ಹಿತ್ತಲದಾಗ ಇದ್ದೆ. ಅನ್ನ ಸುರಿಯೋವಾಗ ನೀ ಅಳಾಕತ್ತಿದ್ದಿ. ಹುಚ್ಚಿ, ಬೋರ್ಡ್ ಬೇಕು ಅಂತ ನನಗ ಒಂದ ಮಾತು ಹೇಳಿದ್ರ ಸಿಪ್ಪಿ ಎಲ್ಲಾ ನಿನಗ ಕೊಡತಿದ್ದಿಲ್ಲೇನು?"

ಮಧ್ಯಾಹ್ನ ಇಬ್ಬರೂ ಒಂದೇ ತಾಟಿನಲ್ಲಿ ಪುಂಡಿಪಲ್ಯ, ರೊಟ್ಟಿ, ಹಸಿ ಉಳ್ಳಾಗಡ್ಡಿ ಉಂಡೆವು. ಅಲ್ಲೇ ಚಾಪೆಯ ಮೇಲೆ ಅಡ್ಡಾದೆವು. ಮೊದಲು ನಿದ್ದೆಹೋದವಳು ಆಕೆ. ನಾನು ಎದ್ದು ಕೂತು, ಆಕೆಯ ಮುಖದ ಮೇಲೆ ನೊಣ ಕೂರದಂತೆ ಸೆರಗು ಬೀಸುತ್ತಿದ್ದೆ.