ಗ್ಯಾಂಗಿನಲ್ಲಿ ಮಲಗುವವನು

ಹೊಸಪೇಟೆಯಲ್ಲಿ ಅದಿರಿನ ಲಾರಿಗಳು ಇರುವೆ ಸಾಲಿನಂತೆ ಓಡುತ್ತಿದ್ದ ಕಾಲದಲ್ಲಿ ಓಣಿಗೊಂದು ಗ್ಯಾಂಗ್ ಇತ್ತು. ಮೀಸೆ ಇನ್ನೂ ನೆಟ್ಟಗೆ ಮೂಡದ ಹುಡುಗರ ಗ್ಯಾಂಗು. ಪ್ರತಿ ಗ್ಯಾಂಗಿನಲ್ಲೂ ಹೊಡೆಯುವವನು ಒಬ್ಬ, ಓಡುವವನು ಒಬ್ಬ, ಪೊಲೀಸರ ಮುಂದೆ ಸುಳ್ಳು ಹೇಳುವವನು ಒಬ್ಬ ಇರುತ್ತಿದ್ದರು. ನಮ್ಮ ಚಿತ್ತವಾಡ್ಗಿ ಗ್ಯಾಂಗಿನಲ್ಲಿ ಇವರೆಲ್ಲರ ಜೊತೆಗೆ ಮಲಗುವವನೂ ಒಬ್ಬನಿದ್ದ. ಅವನು ನನ್ನ ಮಗಳ ಮಗ.

ಹೆಸರು ಬರೆಯುವುದಿಲ್ಲ. ಈಗ ಹೆಂಡತಿ ಮಗಳು ಇರುವವನು, ನಾಲ್ಕು ಮಂದಿಯಲ್ಲಿ ಮಾನ ಉಳಿಯಲಿ.

ಅವನ ಅಪ್ಪ ಅಮ್ಮ ಸಂಡೂರಿನ ಕಡೆ ಗಣಿಯಲ್ಲಿ ಅದಿರು ಒಡೆಯುವ ಕೂಲಿಗೆ ಹೋಗಿ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದರು. ಇವನನ್ನು ಶಾಲೆ ಕಲಿಯಲೆಂದು ನನ್ನ ಹತ್ತಿರ ಬಿಟ್ಟಿದ್ದರು. ಇವನು ಶಾಲೆಗೆ ಹೋಗಿ ಮಲಗುತ್ತಿದ್ದ. ನಲ್ಲಿಯ ಪಾಳಿಯಲ್ಲಿ ಕೊಡದ ಮೇಲೆ ಕೂತು ಮಲಗುತ್ತಿದ್ದ. ಒಮ್ಮೆ ಮೇಷ್ಟ್ರು ನನ್ನನ್ನು ಕರೆಸಿ, "ಇವನಿಗೆ ಏನಾರ ರೋಗ ಐತೇನಮ್ಮಾ?" ಅಂತ ಕೇಳಿದರು.

"ರೋಗ ಇಲ್ರಿ, ಕನಸು ಅದಾವು" ಅಂದೆ.

ಸುಳ್ಳಲ್ಲ. ಕಣ್ಣು ತೆರೆದುಕೊಂಡೇ ಕನಸು ಕಾಣುವ ಜಾತಿ ಅವನದು. ಹಂಪಿಯ ಗುಂಡುಕಲ್ಲುಗಳು ಬೆಳಗಿನ ಜಾವ ಎದ್ದು ಹೊಳೆಗೆ ಇಳಿದು ನೀರು ಕುಡಿಯುತ್ತವಂತೆ. ಜನ ಏಳುವುದರೊಳಗೆ ವಾಪಸು ಬರಬೇಕಲ್ಲ, ಅವಸರದಲ್ಲಿ ಜಾಗ ಸಿಗದೆ ಒಂದರ ಮೇಲೊಂದು ಕೂತುಬಿಡುತ್ತವಂತೆ. ಅದಕ್ಕೇ ಅಲ್ಲಿ ಕಲ್ಲುಗಳೆಲ್ಲ ಹಂಗೆ ಕಾಣುವುದಂತೆ. ಇಂಥವನನ್ನು ಯಾವ ಗ್ಯಾಂಗಿನವರಾದರೂ ಸೇರಿಸಿಕೊಳ್ಳುತ್ತಾರೆಯೇ? ಸೇರಿಸಿಕೊಂಡರು. ಆ ಕಾಲವೇ ಹಂಗಿತ್ತು.

ಆಗ ಎಲ್ಲವೂ ಕೆಂಪು. ಬೇವಿನ ಎಲೆ ಕೆಂಪು, ಎಮ್ಮೆ ಕೆಂಪು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಸ್ವಾಮಿಗಳದ್ದಾಗುತ್ತಿತ್ತು. ಇಳಿಬಿಸಿಲು ಆ ಧೂಳಿನೊಳಗೆ ಬಿದ್ದರೆ ಮನೆ, ಮರ, ಲಾರಿ ಎಲ್ಲ ನೆಲ ಬಿಟ್ಟು ತೇಲುತ್ತಿವೆಯೇನೋ ಅನಿಸುತ್ತಿತ್ತು. ನಿನ್ನೆ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವನು ಇವತ್ತು ಕಾರಿನ ಕಿಟಕಿ ಇಳಿಸಿ ಉಗುಳುತ್ತಿದ್ದ. ಅದನ್ನು ನೋಡಿದ ಹುಡುಗರು ಪುಸ್ತಕ ಹಿಡಿದು ಕೂರುತ್ತಾರೆಯೇ? ಲಾರಿ ಹತ್ತಿದರು. ಸಂಡೂರಿನ ಕಡೆಯಿಂದ ಬರುವ ಲಾರಿಗಳು ಏರಿನಲ್ಲಿ ತೆವಳುವಾಗ ಹಿಂದಿನಿಂದ ಹತ್ತಿ, ಅದಿರಿನ ಮೇಲೆ ಹೊದಿಸಿದ ತಾಡಪತ್ರಿಯ ಹಗ್ಗ ಕೊಯ್ದು ಕೆಳಗೆ ಎಸೆಯುವುದು. ಕೆಳಗಿದ್ದವರು ಸುತ್ತಿಕೊಂಡು ಓಡುವುದು. ಇದು ಅವರ ಮೊದಲ ಪಾಠ.

ಇವನನ್ನೂ ಒಂದು ಸಂಜೆ ಹತ್ತಿಸಿದರು. ಹತ್ತಿದ. ತಾಡಪತ್ರಿ ಮಾತ್ರ ಕೆಳಗೆ ಬೀಳಲಿಲ್ಲ, ಇವನೂ ಇಳಿಯಲಿಲ್ಲ. ದಿನವಿಡೀ ಕಾದ ಅದಿರು ತಾಡಪತ್ರಿಯ ಕೆಳಗೆ ಬೆಚ್ಚಗಿತ್ತಂತೆ, ಒಲೆಯ ಪಕ್ಕದ ಗೋಡೆಯ ಹಂಗೆ. ಮೇಲೆ ಆಕಾಶ ಹಿಂದಕ್ಕೆ ಹರಿಯುತ್ತಿತ್ತಂತೆ. ಒಂದು ಗಳಿಗೆ ಬೆನ್ನು ಆನಿಸಿದನಂತೆ, ಅಷ್ಟೇ. ಎಚ್ಚರವಾದಾಗ ಲಾರಿ ಕುರೆಕುಪ್ಪ ದಾಟಿ ಎಲ್ಲೋ ಅದಿರು ಸುರಿಯುವ ಬಯಲಿನಲ್ಲಿ ನಿಂತಿತ್ತು. ಆಂಧ್ರದ ಡ್ರೈವರು ಇವನ ಕಾಲು ಹಿಡಿದು ಎಳೆಯುತ್ತಿದ್ದ.

"ಯಾರೋ ನೀನು? ಇಲ್ಲಿ ಯಾಕೆ ಮಲಗಿದ್ದಿ?"

"ತಾಡಪತ್ರಿ ಕದಿಯಾಕ ಬಂದಿದ್ದೆ. ನಿದ್ದಿ ಹತ್ತಿತು."

ಡ್ರೈವರು ಅವನ ಮುಖ ನೋಡಿದನಂತೆ. ಚಹಾ ಕುಡಿಸಿ, ಬನ್ನು ತಿನ್ನಿಸಿ, ಸೀಟಿನ ಹಿಂದಿದ್ದ ಒಂದು ಹಳೆಯ ತಾಡಪತ್ರಿ ಮಡಚಿ ಕೊಟ್ಟು, ವಾಪಸು ಬರುವ ಲಾರಿಯಲ್ಲಿ ಕೂರಿಸಿ ಕಳಿಸಿದ. ಪಾಪ, ಮಲಗಲು ಜಾಗವಿಲ್ಲದ ಹುಡುಗ ಅಂತ ತಿಳಿದಿರಬೇಕು. ಲಾರಿಯವನೇ ಕೈಯೆತ್ತಿ ಮಾಲು ಕೊಟ್ಟು ಕಳಿಸಿದ ಕಳ್ಳ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬ ಇದ್ದರೆ ಹೇಳಿ.

ಗ್ಯಾಂಗಿನ ಮುಖ್ಯಸ್ಥನನ್ನು ಹುಡುಗರೆಲ್ಲ ಅಣ್ಣ ಅನ್ನುತ್ತಿದ್ದರು. ಮೂರು ಮನೆ ಆಚೆಯವನು. ಅವನು ಹುಟ್ಟಿದಾಗ ಅವರಮ್ಮನಿಗೆ ಬಾಣಂತನ ಮಾಡಿದವಳು ನಾನೇ. ಹೊಸ ಬೈಕು, ಕೊರಳಲ್ಲಿ ಚೈನು, ವಯಸ್ಸು ಮಾತ್ರ ಇವನಿಗಿಂತ ಸ್ವಲ್ಪ ಹೆಚ್ಚು. ತಾಡಪತ್ರಿ ನೋಡಿ ಇವನ ಬೆನ್ನು ತಟ್ಟಿದನಂತೆ. ಡ್ರೈವರೇ ಕೊಟ್ಟಿದ್ದು ಅಂತ ಗೊತ್ತಾದ ಮೇಲೆ ಅದೇ ಬೆನ್ನಿಗೆ ಗುದ್ದಿದನಂತೆ.

ಆಮೇಲೆ ಇವನನ್ನು ಕಾವಲಿಗೆ ಹಾಕಿದರು. ದರೋಜಿ ರಸ್ತೆಯಲ್ಲಿ ನಿಂತ ಲಾರಿಗಳಿಂದ ಉಳಿದವರು ಡೀಸೆಲ್ ಇಳಿಸಬೇಕು, ಇವನು ಬಂಡೆಯ ಮೇಲೆ ಕೂತು ಪೊಲೀಸ್ ಜೀಪು ಕಂಡರೆ ಸೀಟಿ ಹೊಡೆಯಬೇಕು. ಮಲಗಬಾರದು ಅಂತ ಎರಡೂ ಕಿಸೆ ತುಂಬ ಹುರಿಗಡಲೆ ತುಂಬಿದ್ದರು. ಆವತ್ತು ಮಲಗಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಹೊತ್ತು ಮುಳುಗುವಾಗ ಎದುರಿನ ಬಂಡೆಯಿಂದ ಒಂದು ತಾಯಿ ಕರಡಿ ಇಳಿದು ಬಂತಂತೆ, ಬೆನ್ನ ಮೇಲೆ ಮರಿ. ಇವನು ಬಾಯಿ ತೆರೆದು ನೋಡುತ್ತ ಕೂತ. ಆ ಕಡೆಯಿಂದ ಕರಡಿ ಇಳಿಯಿತು, ಈ ಕಡೆಯಿಂದ ಜೀಪು ಬಂತು. ಇಬ್ಬರು ಹುಡುಗರು ಸಿಕ್ಕಿಬಿದ್ದರು.

"ಯಾಕಲೇ ಸೀಟಿ ಹೊಡಿಲಿಲ್ಲ?" ಅಂತ ಅಣ್ಣ ಕೊರಳಪಟ್ಟಿ ಹಿಡಿದು ಕೇಳಿದ.

"ಹೊಡದಿದ್ರ ಕರಡಿಮರಿ ಹೆದರ್ತಿತ್ತು."

ಇಷ್ಟಾದರೂ ಓಡಿಸಲಿಲ್ಲ. ಯಾಕೆ? ನನಗೆ ಅನಿಸುವುದು ಇಷ್ಟು. ಕದ್ದು, ಓಡಿ, ಬೈಸಿಕೊಂಡು ಸುಸ್ತಾದ ಆ ಹುಡುಗರು ಕಾಲುವೆಯ ದಂಡೆಯಲ್ಲಿ ಕೂತಾಗ ಇವನು ಕಲ್ಲುಗಳು ನೀರು ಕುಡಿಯುವ ಕತೆ ಹೇಳುತ್ತಿದ್ದ. ಕೊರಳಲ್ಲಿ ಚೈನು ಇದ್ದವನೂ ಕೇಳುತ್ತಿದ್ದ. ಇನ್ನೊಂದು ಕಾರಣವೂ ಇತ್ತು. ಇವನ ಮುಖ ನೋಡಿದರೆ ಪೊಲೀಸರಿಗೆ ಸಂಶಯ ಬರುತ್ತಿರಲಿಲ್ಲ. ಆ ಎರಡನೆಯ ಕಾರಣಕ್ಕೇ ನನ್ನ ಜೋಳದ ಡಬ್ಬಿಯೊಳಗೆ ಮಚ್ಚು ಬಂತು.

ರೊಟ್ಟಿಗೆ ಜೋಳ ಬೀಸಿಸಲು ಹೋಗಿ ಡಬ್ಬಿಗೆ ಕೈ ಹಾಕಿದರೆ ಬನಿಯನ್ನಿನಲ್ಲಿ ಸುತ್ತಿದ ಮೊಳದುದ್ದದ ಮಚ್ಚು. ಹೊಚ್ಚ ಹೊಸದು. ಮನೆಗೆ ಬಂದ ಸಾಮಾನು ಸುಮ್ಮನೆ ಯಾಕೆ ಬಿದ್ದಿರಬೇಕು? ಅದರಲ್ಲೇ ತೆಂಗಿನಕಾಯಿ ಒಡೆದೆ, ಸೌದೆ ಸೀಳಿದೆ. ಹುಡುಗ ಹೊರಗಿನಿಂದ ಬಂದವನು ನೋಡಿ ಬಾಗಿಲಲ್ಲೇ ನಿಂತ.

"ಅಜ್ಜಿ, ಅದನ್ನ ಮುಟ್ಟಬ್ಯಾಡ. ಅದು ನಂದಲ್ಲ."

"ಯಾರದರ ಆಗಲಿ, ಮಸ್ತ್ ಹರಿತ ಐತಿ. ಹಿಡಿ ಸಡಿಲ ಐತಿ ಅಂತ ಹೇಳು ಅವನಿಗೆ."

ಕೂತುಕೊಂಡ. ಕೇಳಿದ್ದಕ್ಕೆ ಎಲ್ಲ ಹೇಳಿದ. ಸುಳ್ಳು ಹೇಳುವವನು ಗ್ಯಾಂಗಿನಲ್ಲಿ ಬೇರೆ ಇದ್ದನಲ್ಲ, ಇವನಿಗೆ ಆ ವಿದ್ಯೆ ಬರುತ್ತಿರಲಿಲ್ಲ. ರೈಲ್ವೆ ಗೇಟಿನಲ್ಲಿ ನಿಲ್ಲುವ ಲಾರಿಗಳು ಯಾರ ಪಾಲು ಅಂತ ನಮ್ಮ ಹುಡುಗರಿಗೂ ಕುರೆಕುಪ್ಪದ ಹುಡುಗರಿಗೂ ಜಗಳ. ಆಯುಧ ಪೂಜೆಯ ದಿನ ಲಾರಿಗಳೆಲ್ಲ ನಿಂತಿರುತ್ತವೆ, ಗೇಟು ಖಾಲಿ, ಸಂಜೆ ಅಲ್ಲೇ ತೀರ್ಮಾನ. ಮಚ್ಚು ಹೊತ್ತೊಯ್ಯಬೇಕಾದವನು ಇವನು. ಅಲ್ಲಿ ಅಣ್ಣ ಕೈ ಚಾಚಿದಾಗ ಕೊಡಬೇಕು.

"ಅವ ಕೈ ಚಾಚದಿದ್ರ?"

"ನಾನೇ ಹೊಡೀಬೇಕಂತ."

ಹಿಂದಿನ ಓಣಿಯಲ್ಲಿ ಇಂಥದ್ದೇ ತೀರ್ಮಾನಕ್ಕೆ ಹೋದ ಹುಡುಗನೊಬ್ಬನಿದ್ದ. ಈಗ ಎಡಗೈಯಲ್ಲಿ ಉಣ್ಣುತ್ತಾನೆ, ಬಲಗೈ ಇಲ್ಲ. ಅವನ ಕೈ ಕಡಿದವನು ಬಳ್ಳಾರಿ ಜೈಲಿನಲ್ಲಿದ್ದ. ಅವನಿಗೂ ಹೆಚ್ಚು ವಯಸ್ಸಾಗಿರಲಿಲ್ಲ. ಈ ಎರಡರಲ್ಲಿ ನಮ್ಮವನಿಗೆ ಯಾವುದು ಅಂತ ನೋಡುತ್ತ ಕೂರುವುದು ಮಾತ್ರ ಉಳಿದಿತ್ತು. ಮಚ್ಚನ್ನು ಕಾಲುವೆಗೆ ಎಸೆದರೆ ಅವರ ಕೈಯಲ್ಲಿ ಇವನು ಸಾಯುವ ಹಾಗೆ ಒದೆ ತಿನ್ನುತ್ತಿದ್ದ. ಪೊಲೀಸರಿಗೆ ಹೇಳಿದರೆ ಮೊದಲು ಹಿಡಿಯುವುದು ಮಚ್ಚು ಸಿಕ್ಕ ಮನೆಯವರನ್ನೇ. ಹೋಗಬೇಡ ಅಂತ ಬೈದೆ. ಬೈಯುವಾಗಲೇ ನಿದ್ದೆ ಹೋದ.

ನಮ್ಮಲ್ಲಿ ಆಯುಧ ಪೂಜೆಯ ದಿನ ಮನೆಯ ಕಬ್ಬಿಣದ ಸಾಮಾನನ್ನೆಲ್ಲ ಹುಣಸೆಹಣ್ಣು ಹಚ್ಚಿ ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಏರಿಸಿ ಪೂಜೆಗೆ ಇಡುತ್ತೇವೆ. ಇಟ್ಟ ಮೇಲೆ ಯಾರೂ ಎತ್ತುವ ಹಾಗಿಲ್ಲ. ಮರುದಿನ ಮನೆಯ ಹಿರಿಯರು ಪೂಜೆ ಇಳಿಸಿದ ಮೇಲೇ ಕೆಲಸಕ್ಕೆ. ನಾನು ಗೋಡೆಯ ಬದಿಗೆ ಕುಡುಗೋಲು, ಈಳಿಗೆಮಣೆ, ಸತ್ತ ಗಂಡನ ಹಾರೆ, ಸುತ್ತಿಗೆ ಎಲ್ಲ ಸಾಲಾಗಿ ಇಟ್ಟೆ. ಮಚ್ಚನ್ನೂ ಇಟ್ಟೆ. ಅದೇನು ಕಟ್ಟಿಗೆಯದೇ?

ಹುಡುಗ ಎಣ್ಣೆ ನೀರು ಹಾಕಿಸಿಕೊಂಡು, ಕಡುಬು ತಿಂದು, "ಒಂದು ಗಳಿಗಿ ಅಡ್ಡಾಗ್ತೀನಿ" ಅಂತ ಆ ಸಾಲಿನ ಪಕ್ಕದಲ್ಲೇ ಉರುಳಿಕೊಂಡ. ಹಾರೆಯ ಆಚೆ ಅವನು, ಅದರಷ್ಟೇ ಉದ್ದ. ಕೆಂಪು ಧೂಳು ತೊಳೆದ ಮುಖ ಆವತ್ತು ಬೇರೆ ಯಾರದೋ ಹಂಗೆ ಕಂಡಿತು. ಕೈಯಲ್ಲಿ ಇನ್ನೂ ವಿಭೂತಿ ಉಳಿದಿತ್ತು. ತೊಳೆದು ದಂಡ ಮಾಡುವುದು ಯಾಕೆ ಅಂತ ಅವನ ಹಣೆಗೂ ಮೂರು ಬೆರಳು ಎಳೆದೆ. ಕುಂಕುಮವನ್ನೂ ಇಟ್ಟೆ. ಏಳಲಿಲ್ಲ.

ಹೊತ್ತು ಇಳಿಯುವಾಗ ಗ್ಯಾಂಗು ಬಂತು. ನಡೆದುಕೊಂಡು ಬಂತು.

"ಬೈಕ್ ಎಲ್ಲಲೇ?" ಅಂತ ಅಣ್ಣನನ್ನು ಕೇಳಿದೆ.

"ಪೂಜಿಗೆ ನಿಂತೈತಿ. ನಮ್ಮವ್ವ ಗಾಲಿ ಕೆಳಗ ನಿಂಬಿಹಣ್ಣು ಇಟ್ಟಾಳ." ಅವನಿಗೆ ನಾಚಿಕೆಯಾಯಿತು. "ಅಜ್ಜಿ, ಒಂದು ಸಾಮಾನು ಐತಿ ನಿನ್ನ ಮನ್ಯಾಗ. ಕೊಡು."

"ಅಲ್ಲೇ ಐತಿ, ನೋಡು."

ನೋಡಿದ. ಮೂರು ಪಟ್ಟಿ ವಿಭೂತಿ ಬಳಿದುಕೊಂಡು, ತಲೆಯ ಮೇಲೆ ಚೆಂಡುಹೂವು ಇಟ್ಟುಕೊಂಡು ಅವನ ಮಚ್ಚು ಸಂಭಾವಿತರ ಹಂಗೆ ಕೂತಿತ್ತು.

"ಪೂಜಿಗೆ ಇಟ್ಟೀಯಾ?"

"ಕಬ್ಬಿಣ ಹೌದಲ್ಲೋ? ನಿಮ್ಮವ್ವನ ಮನ್ಯಾಗ ಇದ್ದಿದ್ರ ನಿಮ್ಮವ್ವ ಇಡ್ತಿದ್ಲು. ಬೇಕಂದ್ರ ಎತ್ಕೋ. ನಾನೇನು ಕೈ ಹಿಡಿಯಂಗಿಲ್ಲ."

ಅಣ್ಣ ಬಗ್ಗಿದ. ಹಿಂದಿನಿಂದ ಒಬ್ಬ, "ಅಣ್ಣಾ, ಬ್ಯಾಡ. ಪೂಜಿಗೆ ಇಟ್ಟಿದ್ದು ಐತಿ" ಅಂದ. ಊರಿನ ಬೀಗಗಳನ್ನೆಲ್ಲ ಮುರಿದ ಕೈಗಳು. ಒಂದಾದರೂ ಮುಂದೆ ಬರಲಿಲ್ಲ. ಅಣ್ಣನ ಕೈ ಹೂವಿನ ಹತ್ತಿರದವರೆಗೆ ಹೋಗಿ, ತಿರುಗಿ ತನ್ನ ಕುತ್ತಿಗೆಯನ್ನೇ ತುರಿಸಿಕೊಂಡಿತು.

"ಹೋಗ್ಲಿ ಬಿಡು. ಕಲ್ಲು ಕಟಗಿ ಸಿಗ್ತಾವು ಅಲ್ಲೇ. ಇವನ್ನ ಎಬ್ಬಿಸು, ಹೊತ್ತಾತು."

"ಅವನ ಹಣಿ ನೋಡು."

ಎಲ್ಲರೂ ಬಗ್ಗಿ ನೋಡಿದರು.

"ಅವನ್ನೂ ಪೂಜಿಗೆ ಇಟ್ಟೀನಿ. ಎತ್ತಂಗಿಲ್ಲ."

ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ ನಕ್ಕವನ ತಲೆಗೆ ಮೊಟಕಿದ. ಅಣ್ಣ ನಗಲಿಲ್ಲ. ಮಲಗಿದವನನ್ನು ಬಹಳ ಹೊತ್ತು ನೋಡುತ್ತ ನಿಂತ. ತನ್ನ ಹಣೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಅಲ್ಲಿ ಏನೂ ಇರಲಿಲ್ಲ. ನನ್ನ ಕೈಯಲ್ಲಿ ಇನ್ನಷ್ಟು ವಿಭೂತಿ ಇದ್ದಿದ್ದರೆ ಅವನಿಗೂ ಬಳಿಯುತ್ತಿದ್ದೆನೋ ಏನೋ. "ಕಡುಬು ತಿಂದು ಹೋಗ್ರಿ" ಅಂದೆ. ನಿಲ್ಲಲಿಲ್ಲ. ಬೀದಿಯ ಕೆಂಪು ಬೆಳಕಿನೊಳಗೆ ಒಬ್ಬೊಬ್ಬರಾಗಿ ಕರಗಿದರು.

ದೀಪ ಹಚ್ಚುವ ಹೊತ್ತಿಗೆ ಸುದ್ದಿ ಬಂತು. ಗೇಟಿನ ಹತ್ತಿರ ಅಣ್ಣನ ಕಾಲು ಎರಡು ಕಡೆ ಮುರಿದಿತ್ತು, ಕೈಗೆ ಸಿಕ್ಕವರನ್ನು ಪೊಲೀಸರು ತುಂಬಿಕೊಂಡು ಹೋಗಿದ್ದರು. ಆಗ ನಮ್ಮವನಿಗೆ ಎಚ್ಚರವಾಯಿತು. ಕೇಳಿ ಗೋಡೆಗೆ ತಲೆ ಆನಿಸಿ ಅತ್ತ.

"ನಾ ಇದ್ದಿದ್ರ ಅಣ್ಣನ ಕಾಲು ಉಳೀತಿತ್ತು."

"ನೀ ಇದ್ದಿದ್ರ ಅಲ್ಲೂ ಮಲಗ್ತಿದ್ದಿ."

ಮರುದಿನ ಪೂಜೆ ಇಳಿಸಬೇಕು. ಇಳಿಸಲಿಲ್ಲ. ತಪ್ಪಿಸಿಕೊಂಡಿದ್ದ ಒಂದಿಬ್ಬರು ಸೇಡು ತೀರಿಸಬೇಕು ಅಂತ ಇವನಿಗೆ ಹೇಳಿ ಕಳಿಸುತ್ತಿದ್ದರು. ಮಚ್ಚು ಎತ್ತಬಾರದು ಅಂದರೆ ಪೂಜೆ ಇಳಿಯಬಾರದು. ಪೂಜೆ ಇಳಿಯಬಾರದು ಅಂದರೆ ಈಳಿಗೆಮಣೆಯನ್ನೂ ಎತ್ತುವ ಹಾಗಿಲ್ಲವಲ್ಲ! ಪೂಜೆಯಲ್ಲಿ ಒಂದಕ್ಕೊಂದು ನ್ಯಾಯ ಇನ್ನೊಂದಕ್ಕೊಂದು ನ್ಯಾಯ ಮಾಡಲು ಬರುತ್ತದೆಯೇ? ಹೀಗಾಗಿ ನಮ್ಮ ಮನೆಯಲ್ಲಿ ಹೆಚ್ಚುವುದು ನಿಂತಿತು. ಸೊಪ್ಪು ಹರಿದು ಹಾಕಿದೆ. ಅವರೆಕಾಯಿ ಬಿಡಿಸಿದೆ. ಬದನೆಕಾಯಿಯನ್ನು ಇಡಿಯಾಗಿ ಸುಟ್ಟೆ. ಕುಂಬಳಕಾಯಿಯನ್ನು ಅಂಗಳದ ಕಲ್ಲಿಗೆ ಎತ್ತಿ ಹಾಕಿದೆ. ಪಕ್ಕದ ಮನೆಯವಳು ಬಂದು ಪಲ್ಯ ನೋಡಿ, "ಏನಬೇ, ಇದನ್ನ ಹೆಚ್ಚಿದ್ಯೋ ಜಗಳ ಆಡಿದ್ಯೋ?" ಅಂದಳು. ಹೂವು ಒಣಗಿತು, ನಾನು ಹೊಸದು ಇಟ್ಟೆ.

ಹುಡುಗ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದ. "ಅಜ್ಜಿ, ನಾ ಹೊರಗ ಹೋಗಬಹುದಾ?"

"ಪೂಜಿ ಇಳಿಸಿಲ್ಲ."

ಅರ್ಧ ನಂಬಿದ, ಅರ್ಧ ನಿದ್ದೆ ಬಂತು. ನನ್ನ ಎದುರು ಕೂತು ಅವರೆಕಾಯಿ ಬಿಡಿಸುತ್ತ, ಕಲ್ಲುಗಳಿಗೂ ಕಾಲು ಮುರಿಯುತ್ತದೆಯೇ, ಮುರಿದವು ನೀರು ಕುಡಿಯಲು ಹೆಂಗೆ ಹೋಗುತ್ತವೆ ಅಂತ ಕೇಳುತ್ತಿದ್ದ. ಉಳಿದವು ತಂದು ಕೊಡುತ್ತವೆ, ಬಿಡಿಸು, ಅಂದೆ. ಆಮೇಲೆ ಆಸ್ಪತ್ರೆಗೆ ಅಣ್ಣನಿಗೆ ರೊಟ್ಟಿ ಕಟ್ಟಿಕೊಡು ಅಂತ ಕೇಳಿದ. ಕಟ್ಟಿಕೊಟ್ಟೆ. ಸೇಡು ಅಂತಿದ್ದವರೂ ಊರು ಬಿಟ್ಟರು. ನಾನು ಒಂದು ಬೆಳಿಗ್ಗೆ ಪೂಜೆ ಇಳಿಸಿ, ಮನಸಾರೆ ಈರುಳ್ಳಿ ಹೆಚ್ಚಿದೆ.

ಗಣಿಗಳು ಬಂದಾಗಿ ಲಾರಿಗಳು ಒಂದು ದಿನ ನಿಂತೇ ಹೋದವು. ಬೇವಿನ ಎಲೆ ಮತ್ತೆ ಹಸಿರಾಯಿತು. ಅವನು ಈಗ ಕಂಪ್ಲಿಯಲ್ಲಿ ಬಾಳೆಗೊನೆ ಸಾಗಿಸುವ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹೊಡೆಯುವಾಗ ಮಲಗುವುದಿಲ್ಲ ಅಂತ ಅವನ ಹೆಂಡತಿ ಆಣೆ ಮಾಡುತ್ತಾಳೆ. ಮಚ್ಚು ನನ್ನ ಹತ್ತಿರವೇ ಇದೆ. ಹಿಡಿ ಬಿಗಿ ಮಾಡಿಸಿದ್ದೇನೆ, ತೆಂಗಿನಕಾಯಿಗೆ ಅದೇ.

ಹೋದ ಆಯುಧ ಪೂಜೆಗೆ ಮಗಳನ್ನು ಕರೆದುಕೊಂಡು ಬಂದಿದ್ದ. ಆ ವರ್ಷ ನನಗೆ ಎರಡು ಸಲ ಎದೆನೋವು ಬಂದಿತ್ತು, ಡಾಕ್ಟರು ಏನೇನೋ ಹೇಳಿದ್ದರು. ಊಟವಾದ ಮೇಲೆ ಪೂಜೆಯ ಸಾಲಿನ ಪಕ್ಕ ಒಂದು ಗಳಿಗೆ ಅಡ್ಡಾದೆ. ಹಣೆಯ ಮೇಲೆ ತಣ್ಣಗೆ ಏನೋ ಎಳೆದ ಹಂಗಾಗಿ ಎಚ್ಚರವಾಯಿತು. ಮೂರು ಬೆರಳು.

"ಅಪ್ಪಾ, ಅಜ್ಜಿ ಏಳಂಗಿಲ್ಲೇನು?" ಅಂತ ಆ ಪುಟ್ಟದು ಕೇಳಿತು.

"ಸುಮ್ಕಿರು. ಅಜ್ಜಿನ ಪೂಜಿಗೆ ಇಟ್ಟೀನಿ" ಅಂದ ಅವನು. "ಯಾರು ಬಂದು ಕರದ್ರೂ ಎತ್ತಂಗಿಲ್ಲ."

ಪಾತ್ರೆ ತೊಳೆಯುವುದು ಹಂಗೇ ಬಿದ್ದಿತ್ತು. ನಾನು ಕಣ್ಣು ತೆರೆಯಲಿಲ್ಲ.