ಮುಳಬಾಗಿಲಿಗೆ ಮಾರ್ಟಿನಿ ಕಲಿಸಿದ್ದು

ಬಾರ್ ಕೌಂಟರಿನ ಹಿಂದೆ ನಿಂತವನಿಗೆ ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ದಿನಾ ಸಾಯಂಕಾಲ ಯಾರಾದರೊಬ್ಬರು ತಾವಾಗಿಯೇ ಬಂದು ಎದುರಿಗೆ ಕೂರುತ್ತಾರೆ. ನಾನು ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಆರು ವರ್ಷ ಕಾಕ್‌ಟೇಲ್ ಕಲಸಿ, ನಮ್ಮೂರು ಮುಳಬಾಗಿಲಿನ ಹೈವೇ ಪಕ್ಕದ ಹೋಟೆಲಿಗೆ ಬಂದು ಸೇರಿದವನು. ಮಾರ್ಟಿನಿ ವಿಷಯದಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಮಾರ್ಟಿನಿ ಮಾಡುವವನು ನಾನೊಬ್ಬನೇ.

ನಮ್ಮ ಓನರು ಟೊಮೇಟೊ ಮಂಡಿಯಲ್ಲಿ ದುಡಿದು ಹೋಟೆಲ್ ಕಟ್ಟಿದವರು. ನನ್ನ ಮಾತಿಗೆ ಮರುಳಾಗಿ ಮೂಲೆಯಲ್ಲಿ ಮಾರ್ಟಿನಿ ಕೌಂಟರ್ ಹಾಕಿಸಿದರು. ಜೊತೆಗೆ ಒಂದು ಮಾತನ್ನೂ ಹೇಳಿದರು: "ದೀಪಾವಳಿವರೆಗೂ ಟೈಮ್ ಕೊಟ್ಟಿದೀನಿ ಕಣಯ್ಯಾ. ಅಷ್ಟರಲ್ಲಿ ಜನ ಇದನ್ನೇ ಕೇಳ್ಕೊಂಡು ಬರ್ಬೇಕು. ಬರ್ಲಿಲ್ವಾ, ಆ ಜಾಗದಲ್ಲಿ ಕಬಾಬ್ ಕೌಂಟರ್. ಚಿಕನ್‌ಗೆ ಮಸಾಲೆ ಮೆತ್ತೋನು ನೀನೇ."

ನನಗೆ ಸ್ವಲ್ಪವೂ ಭಯವಾಗಲಿಲ್ಲ. ನಮ್ಮ ಜನರಿಗೆ ವಿವರಿಸಿ ಹೇಳಿದರೆ ಸಾಕು, ಅರ್ಥ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಡ್ರೈ, ಒನ್ ಬೈ ಟೂ

ಮೊದಲ ಗಿರಾಕಿಗಳು ಇಬ್ಬರು ತರಕಾರಿ ವ್ಯಾಪಾರಿಗಳು. ನಾನು ಪಾಠ ಶುರು ಮಾಡಿದೆ. "ಮಾರ್ಟಿನಿ ಅಂದ್ರೆ ಜಿನ್ನು, ಅದಕ್ಕೆ ವರ್ಮೂತು. ವರ್ಮೂತು ಅಂದ್ರೆ ಬೇರು, ತೊಗಟೆ ಎಲ್ಲಾ ನೆನೆಸಿದ ವೈನು ಸಾರ್. ಅದು ಜಾಸ್ತಿ ಇದ್ರೆ ವೆಟ್ಟು. ಒಂದೆರಡು ತೊಟ್ಟು ಮಾತ್ರ ಇದ್ರೆ ಡ್ರೈ."

"ಕಷಾಯ ಕಮ್ಮಿ ಇರೋದನ್ನೇ ಕೊಡಪ್ಪ," ಎಂದರು ಒಬ್ಬರು. "ಒಂದ್ ಡ್ರೈ. ಒನ್ ಬೈ ಟೂ."

ಆರು ವರ್ಷದಲ್ಲಿ ಯಾರೂ ಮಾರ್ಟಿನಿಯನ್ನು ಒನ್ ಬೈ ಟೂ ಕೇಳಿರಲಿಲ್ಲ. ಆದರೆ ನಮ್ಮ ಕಡೆ ಕಾಫಿಯಿಂದ ಹಿಡಿದು ಸೂಪಿನವರೆಗೂ ನಡೆಯುವ ಪದ್ಧತಿಯನ್ನು ಬೇಡ ಎನ್ನಲು ನಾನ್ಯಾರು? ಎರಡು ಗ್ಲಾಸಿಗೆ ಸಮವಾಗಿ ಹಾಕಿಕೊಟ್ಟೆ. ಒಬ್ಬರು ಬೆರಳು ಅದ್ದಿ ಭೂಮಿತಾಯಿಗೆ ಮೂರು ಸಲ ಚಿಮುಕಿಸಿದರು. ಇನ್ನೊಬ್ಬರೂ ಚಿಮುಕಿಸಿದರು. ಆಮೇಲೆ ನೀರಿನ ಬಾಟಲಿ ಎತ್ತಿ ಎರಡೂ ಗ್ಲಾಸನ್ನು ಅಂಚಿನವರೆಗೆ ತುಂಬಿಸಿದರು. 

ಒಂದು ಗುಟುಕು ಕುಡಿದವರೇ ಮೊದಲನೆಯವರು ಗೆಳೆಯನ ಕಡೆ ತಿರುಗಿದರು. "ಲೇ, ಹೊಸ ಹೋಟ್ಲು ಅಂತ ನಂಬ್ಕೊಂಡು ಬಂದ್ವಿ. ಇಲ್ಲೂ ನೀರು ಬೆರೆಸ್ತಾರಲ್ಲೋ!"

ಡರ್ಟಿ

ಡರ್ಟಿ ಮಾರ್ಟಿನಿಗೆ ಆಲಿವ್ ಕಾಯಿ ನೆನೆಸಿಟ್ಟ ಉಪ್ಪುನೀರು ಬೇಕು. ಆ ನೀರು ಬಿದ್ದರೆ ಪಾನೀಯ ಸ್ವಲ್ಪ ಮಬ್ಬಾಗುತ್ತದೆ, ಅದಕ್ಕೇ ಆ ಹೆಸರು. ಒಂದು ದಿನ ನಂಗಲಿಯ ಲಾರಿ ಮಾಲೀಕರೊಬ್ಬರು ಅದನ್ನೇ ಕೇಳಿದರು. ಖುಷಿಯಿಂದ ಜಾಡಿ ತೆಗೆದರೆ ಕಾಯಿಗಳು ಫಳಫಳ ಹೊಳೆಯುತ್ತಿವೆ, ಒಂದು ತೊಟ್ಟು ನೀರಿಲ್ಲ.

ನಮ್ಮ ಅಡುಗೆಯ ಅಕ್ಕ ಹುತ್ತೂರಿನ ಸೊಸೆ, ಶುಚಿಯೆಂದರೆ ಪ್ರಾಣ. "ಯಾವ ಪುಣ್ಯಾತ್ಮ ಕಣಪ್ಪ ಅಂಥ ಕೊಳಕು ನೀರಲ್ಲಿ ಇಟ್ಟಿದ್ದು? ಮೂರ್ ಸಲ ತೊಳ್ದು ಹಾಕಿದೀನಿ," ಎಂದರು.

"ಅಕ್ಕಾ, ಗಿರಾಕಿ ಕೇಳ್ತಿರೋದೇ ಆ ನೀರನ್ನ!"

ಅಕ್ಕ ನನ್ನನ್ನು ಒಂದು ಕ್ಷಣ ಮರುಕದಿಂದ ನೋಡಿದರು. ಪಾಪ, ಅವರಿಗೂ ಬೇಜಾರಾಗಿರಬೇಕು. ಶ್ರೀನಿವಾಸಪುರದ ತವರಿನಿಂದ ತಂದಿಟ್ಟುಕೊಂಡಿದ್ದ ಉಪ್ಪಿನಲ್ಲಿ ನೆನೆಸಿದ ಮಾವಿನಕಾಯಿಯ ಜಾಡಿಯನ್ನು ತಂದು ಮುಂದಿಟ್ಟರು. ಬೇರೆ ದಾರಿ ಇರಲಿಲ್ಲ. ಆ ನೀರನ್ನೇ ಎರಡು ಚಮಚ ಹಾಕಿ, ಐಸಿನಲ್ಲಿ ತಿರುಗಿಸಿ, ಮಾವಿನಕಾಯಿಯ ಹೋಳು ಸಿಕ್ಕಿಸಿ ಕೊಟ್ಟೆ. ನಿಜ ಹೇಳಬೇಕೆಂದರೆ ಬೆಂಗಳೂರಿನಲ್ಲೂ ನಾನು ಅಷ್ಟು ಒಳ್ಳೆಯ ಡರ್ಟಿ ಮಾಡಿರಲಿಲ್ಲ.

ಲಾರಿ ಮಾಲೀಕರು ಕಣ್ಣು ಮುಚ್ಚಿ ಚಪ್ಪರಿಸಿದರು. "ಬಾಗುಂದಯ್ಯಾ! ಚೆನ್ನಾಗಿದೆ," ಎಂದರು. ನನ್ನ ಎದೆ ಉಬ್ಬಿತು. ಅವರು ಗ್ಲಾಸನ್ನು ಕೆಳಗಿಟ್ಟು ಕೇಳಿದರು, "ಇದಕ್ಕೆ ಮೊಸರನ್ನ ಸಿಗುತ್ತಾ?"

ಕಾಫಿ ಮಾರ್ಟಿನಿ

ಮಾಲೂರಿನಲ್ಲಿ ಒಂದು ಮದುವೆ. ಅರ್ಧ ದಿನದ ಮಟ್ಟಿಗೆ ಕೌಂಟರನ್ನು ನಮ್ಮ ಕಾಫಿ ಮಾಸ್ಟರಿಗೆ ಒಪ್ಪಿಸಿ ಹೋದೆ. ಅವರು ಇಪ್ಪತ್ತು ವರ್ಷದಿಂದ ಡಿಕಾಕ್ಷನ್ ಇಳಿಸುತ್ತಿರುವವರು. ಅವರಿಗೆ ಹೇಳಿದ್ದು ಇಷ್ಟೇ: "ಯಾರಾದ್ರೂ ಕಾಫಿ ಮಾರ್ಟಿನಿ ಕೇಳಿದ್ರೆ ವೋಡ್ಕಾ, ಡಿಕಾಕ್ಷನ್, ಸಕ್ಕರೆ ಪಾಕ. ಮೇಲೆ ನೊರೆ ನಿಲ್ಬೇಕು."

ನಾನು ಬಾಳೆಎಲೆ ಮುಂದೆ ಕೂತಿದ್ದಾಗ ಓನರ ಫೋನು ಬಂತು. ಕಾಫಿ ಮಾಸ್ಟರು ಬಿಸಿಬಿಸಿ ಡಿಕಾಕ್ಷನ್ನಿಗೆ ವೋಡ್ಕಾ ಬೆರೆಸಿ, ಲೋಟದಿಂದ ಬಟ್ಟಲಿಗೆ ಒಂದು ಗಜ ಎತ್ತರದಿಂದ ಹೊಯ್ದು, ಹಬೆಯಾಡುವ ಮಾರ್ಟಿನಿಯನ್ನು ಸ್ಟೀಲ್ ಲೋಟದಲ್ಲಿ ಕೊಟ್ಟಿದ್ದರಂತೆ. ಓನರ ಕೈಯಿಂದ ಫೋನ್ ತೆಗೆದುಕೊಂಡು ಮಾಸ್ಟರೇ ಸಮಜಾಯಿಷಿ ಕೊಟ್ಟರು: "ಆರಿದ ಕಾಫಿ ಕೊಡೋಕೆ ಕೈ ಬರ್ಲಿಲ್ಲಪ್ಪ. ಮರ್ಯಾದೆ ಪ್ರಶ್ನೆ."

"ಈಗ್ಲೇ ಹೊರಟು ಬರ್ತೀನಿ ಸಾರ್, ಮಾಸ್ಟರಿಗೆ ಕೌಂಟರ್ ಮುಟ್ಟೋಕೆ ಬಿಡ್ಬೇಡಿ," ಎಂದೆ ಓನರಿಗೆ.

"ಬೇಡಪ್ಪ, ನಾಲ್ಕ್ ಜನ ಎರಡನೇ ಲೋಟ ಕೇಳ್ತಿದಾರೆ," ಎಂದರು ಅವರು. "ನೀನು ಬೀಗರೂಟ ಮುಗಿಸ್ಕೊಂಡೇ ಬಾ."

ಪಂಕ್ತಿ

ಅಷ್ಟು ಹೊತ್ತಿಗೆ ದೀಪಾವಳಿಗೆ ಒಂದೇ ವಾರ ಉಳಿದಿತ್ತು. ಓನರು ಕಬಾಬ್ ಒಲೆಗೆ ಅಳತೆಯನ್ನೂ ತೆಗೆಸಿದ್ದರು. ಆಗ ಒಂದು ಕಾರ್ಖಾನೆಯ ಏಳು ಜನ ಅಧಿಕಾರಿಗಳು ಬಂದರು. ಮೆಚ್ಚಿಕೊಂಡರೆ ಪ್ರತಿ ತಿಂಗಳ ಪಾರ್ಟಿ ನಮ್ಮಲ್ಲೇ. ಎಲ್ಲರೂ ಕೇಳಿದ್ದು ಮಾರ್ಟಿನಿ. ನನ್ನ ಕೌಂಟರಿಗೆ ಇದೇ ಕೊನೆಯ ಅವಕಾಶ ಎಂದು ಗೊತ್ತಿತ್ತು.

ಅವತ್ತು ಮಾಡಿದೆ ನೋಡಿ! ಮೂರು ಡ್ರೈ, ಎರಡು ವೆಟ್, ಎರಡು ಡರ್ಟಿ. ಒಂದೊಂದೂ ಮಂಜಿನಷ್ಟು ತಣ್ಣಗೆ. ಚೆಲ್ಲದಿರಲಿ ಎಂದು ಗ್ಲಾಸಿನ ಅಂಚಿಗೆ ಅರ್ಧ ಇಂಚು ಬಿಟ್ಟು ತುಂಬಿಸಿದ್ದೆ. ಹಿರಿಯ ಅಧಿಕಾರಿ ಒಂದು ಗುಟುಕು ಹೀರಿ ತಲೆಯಾಡಿಸಿದರು. ಗೆದ್ದೆ ಎಂದುಕೊಂಡೆ.

ಓನರ ಕಣ್ಣಿಗೆ ಮಾತ್ರ ಬಿದ್ದದ್ದು ಆ ಅರ್ಧ ಇಂಚು. "ಏಮಯ್ಯಾ, ಮನೆಗೆ ಬಂದೋರಿಗೆ ಅರೆಹೊಟ್ಟೆ ಬಡಿಸ್ತಾರಾ?" ಎಂದು ಗದರಿದರು. ನಾನು ಬಾಯಿ ತೆರೆಯುವುದರೊಳಗೆ ಡ್ರೈ, ವೆಟ್, ಡರ್ಟಿ ಎಂದು ಬೇರೆಬೇರೆ ಉಳಿಸಿಟ್ಟಿದ್ದನ್ನೆಲ್ಲ ಒಂದೇ ಸ್ಟೀಲ್ ಜಗ್ಗಿಗೆ ಸುರಿದುಕೊಂಡು ಹೊರಟೇಬಿಟ್ಟರು. ಜಗ್ಗು ಮದುವೆಮನೆಯಲ್ಲಿ ತಿಳಿಸಾರು ಬಡಿಸುವಂಥದ್ದು.

"ಸ್ವಲ್ಪ ಹಾಕ್ಲಾ ಸಾರ್? ಬೇಡ ಅನ್ಬಾರ್ದು."

"ಅಯ್ಯೋ, ಸಾಕು ಸಾಕು," ಎಂದು ಹಿರಿಯ ಅಧಿಕಾರಿ ಗ್ಲಾಸಿಗೆ ಅಂಗೈ ಅಡ್ಡ ಹಿಡಿದರು. ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದವರಿಗೆ ಎರಡು ಸೌಟು ಹೆಚ್ಚು ಬಡಿಸುವುದು ನಮ್ಮ ಕಡೆಯ ಉಪಚಾರ. ಓನರು ಬೆರಳ ಸಂದಿಯಿಂದಲೇ ಬಡಿಸಿದರು. ಏಳು ಜನರಿಗೂ, ಒಬ್ಬರನ್ನೂ ಬಿಡದೆ.

ನನಗೆ ಅಲ್ಲೇ ಅಳು ಬರುವಂತಾಯಿತು. ನನ್ನ ಕೈಗೆ ಕಬಾಬ್ ಮಸಾಲೆ ಮೆತ್ತಿಕೊಂಡದ್ದು ಕಣ್ಣಿಗೆ ಕಾಣಿಸುತ್ತಿತ್ತು.

ಹಿರಿಯ ಅಧಿಕಾರಿ ಒದ್ದೆಯಾದ ಕೈ ಒರೆಸಿಕೊಂಡು, ಗ್ಲಾಸೆತ್ತಿ ಕುಡಿದರು. ಮತ್ತೆ ಕುಡಿದರು. "ಇದು ಯಾವ ಸ್ಟೈಲು?" ಎಂದು ಕೇಳಿದರು.

"ನಮ್ ಮುಳಬಾಗಿಲು ಸ್ಟೈಲು ಸಾರ್," ಎಂದರು ಓನರು, ರೆಪ್ಪೆ ಬಡಿಯದೆ.

ಅಧಿಕಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಪ್ರೀತಿಯಿಂದ ಯಾವ ಬಾರಿನಲ್ಲೂ ಯಾರೂ ಬಡಿಸಿರಲಿಲ್ಲವಂತೆ. ವರ್ಷವಿಡೀ ಪಾರ್ಟಿ ಇಲ್ಲೇ ಎಂದು ಅಲ್ಲೇ ಮಾತು ಕೊಟ್ಟರು. ಕಬಾಬ್ ಒಲೆ ರದ್ದಾಯಿತು, ನನ್ನ ಕೌಂಟರ್ ಉಳಿಯಿತು.

ಮುಂದಿನ ತಿಂಗಳ ಪಾರ್ಟಿಗೆ ಓನರು ಪಂಚೆ ಉಟ್ಟು, ಹೆಗಲಿಗೆ ಟವಲ್ ಹಾಕಿ, ಜಗ್ಗು ಹಿಡಿದು ಸಿದ್ಧರಾಗಿ ನಿಂತಿದ್ದರು. ನಾನು ಶೇಕರ್ ಕೈಗೆತ್ತಿಕೊಳ್ಳುತ್ತಿದ್ದಂತೆ ಅದನ್ನು ಕಸಿದು ಪಕ್ಕಕ್ಕಿಟ್ಟು, ಒಂದು ಬೋಗುಣಿ ಆಲಿವ್ ಕಾಯನ್ನೂ ಒಂದು ಚಮಚವನ್ನೂ ನನ್ನ ಕೈಗೆ ಕೊಟ್ಟರು.

"ಸಾರು ನಾನು ನೋಡ್ಕೊಳ್ತೀನಿ. ನೀನು ಹಿಂದಿನಿಂದ ಉಪ್ಪಿನಕಾಯಿ ಬಡಿಸ್ಕೊಂಡು ಬಾ!"